ಹಳೆಯ ಕಾರಿನ ಇಂಜಿನ್ ಆಗಾಗ ಮಿಸ್ಸಿಂಗ್ ಹೊಡೆಯುತ್ತಿದೆಯೇ? ಕಾರಣ ಹುಡುಕುವ ಕ್ರಮ ಇಲ್ಲಿದೆ

ಓದುಗರಿಂದ ಪದೇ ಪದೇ ಬರುವ ಪ್ರಶ್ನೆ ಇದು: “ಕಾರು ಒಂದು ದಿನ ಚೆನ್ನಾಗಿ ಓಡುತ್ತದೆ, ಮರುದಿನ ನಡುಗುತ್ತದೆ, ಜಗ್ಗುತ್ತದೆ, ಪಿಕಪ್ ಇರುವುದಿಲ್ಲ. ಗ್ಯಾರೇಜಿಗೆ ಒಯ್ದರೆ ಅಲ್ಲಿ ಏನೂ ತೊಂದರೆ ಇಲ್ಲದಂತೆ ನಿಲ್ಲುತ್ತದೆ. ಪ್ಲಗ್ ಬದಲಾಯಿಸಿದ್ದಾಯಿತು, ಕಾಯಿಲ್ ಬದಲಾಯಿಸಿದ್ದಾಯಿತು, ಪೆಟ್ರೋಲ್ ಪಂಪೂ ಆಯಿತು. ಮುಂದೇನು ಮಾಡಲಿ?”

ಮುಂದೆ ಏನನ್ನೂ ಬದಲಾಯಿಸಬೇಡಿ. ಸದಾ ಇರುವ ದೋಷವನ್ನು ಯಾವಾಗ ಬೇಕಾದರೂ ಪರೀಕ್ಷಿಸಬಹುದು. ಬಂದು ಹೋಗುವ ದೋಷ ಹಾಗಲ್ಲ, ಅದು ಇರುವಾಗ ಪರೀಕ್ಷಿಸಿದರೆ ಮಾತ್ರ ಸಿಗುತ್ತದೆ. ಇಂಜಿನ್ ಸರಿಯಾಗಿ ಓಡುತ್ತಿರುವಾಗ ಅಳೆದ ಅಳತೆಗಳೆಲ್ಲ ಸರಿಯಾಗೇ ಬರುತ್ತವೆ, ಅದರಿಂದ ನಿಮಗೆ ತಿಳಿಯುವುದು ಬಹಳ ಕಡಿಮೆ. ಆದ್ದರಿಂದ ಮೊದಲ ಕೆಲಸ ದೋಷ ಯಾವ ಪರಿಸ್ಥಿತಿಯಲ್ಲಿ ಬರುತ್ತದೆಂದು ತಿಳಿದುಕೊಳ್ಳುವುದು. ಎರಡನೆಯದು ಅದೇ ಪರಿಸ್ಥಿತಿಯನ್ನು ಬೇಕೆಂದೇ ತಂದುಕೊಳ್ಳುವುದು. ಸ್ಪ್ಯಾನರ್ ಹಿಡಿಯುವುದು ಆಮೇಲೆ.

ಈ ಲೇಖನ ಪೆಟ್ರೋಲ್ ಇಂಜಿನ್‌ಗಳಿಗೆ ಮಾತ್ರ. ಕಾರ್ಬುರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸುವ ಹಳೆಯ ಸಾಧನ) ಕಾಲದ ಕಾರುಗಳಿಂದ ಹಿಡಿದು ಪ್ರತಿ ಸಿಲಿಂಡರಿಗೂ ಒಂದೊಂದು ಕಾಯಿಲ್ (ಬ್ಯಾಟರಿಯ ವೋಲ್ಟೇಜನ್ನು ಕಿಡಿ ಹಾರಿಸುವಷ್ಟು ಏರಿಸುವ ಸುರುಳಿ) ಇರುವ ಇಂಜೆಕ್ಷನ್ ಕಾರುಗಳವರೆಗೆ (ಇಂಜೆಕ್ಟರ್ ಮೂಲಕ ಪೆಟ್ರೋಲ್ ಚಿಮ್ಮಿಸುವಂಥವು) ಇಲ್ಲಿ ಹೇಳಿರುವುದು ಅನ್ವಯಿಸುತ್ತದೆ.

ಮಿಸ್ಸಿಂಗ್ ಅಥವಾ ಮಿಸ್‌ಫೈರ್ ಎಂದರೆ ಒಂದು ಸಿಲಿಂಡರ್ ತನ್ನ ಸರದಿ ಬಂದಾಗ ಉರಿಯದೆ ಹೋಗುವುದು. ನಾಲ್ಕು ಸಿಲಿಂಡರಿನ ಇಂಜಿನ್ ನಿಮಿಷಕ್ಕೆ 800 ಸುತ್ತು, ಅಂದರೆ 800 ಆರ್‌ಪಿಎಂನಲ್ಲಿ ಐಡ್ಲಿಂಗ್‌ನಲ್ಲಿದ್ದಾಗ (ಆಕ್ಸಿಲರೇಟರ್ ಒತ್ತದೆ ಸುಮ್ಮನೆ ತಿರುಗುತ್ತಿರುವಾಗ) ಪ್ರತಿ ಸಿಲಿಂಡರ್ ನಿಮಿಷಕ್ಕೆ 400 ಸಲ ಉರಿಯಬೇಕು. ಅದರಲ್ಲಿ ಕೆಲವು ತಪ್ಪಿದರೂ ಸೀಟಿನಲ್ಲಿ ಕೂತವರಿಗೆ ಗೊತ್ತಾಗುತ್ತದೆ. ಉರಿಯಲು ಬೇಕಾದದ್ದು ನಾಲ್ಕು: ಸರಿಯಾದ ಹೊತ್ತಿಗೆ ಬಲವಾದ ಕಿಡಿ, ಸರಿಯಾದ ಪ್ರಮಾಣದ ಪೆಟ್ರೋಲ್, ಅಳತೆಗೆ ತಕ್ಕ ಗಾಳಿ, ಮತ್ತು ಆ ಮಿಶ್ರಣವನ್ನು ಒತ್ತಿ ಹಿಡಿಯುವ ಕಂಪ್ರೆಷನ್. ಯಾವ ದೋಷವಾದರೂ ಕೊನೆಗೆ ಈ ನಾಲ್ಕರಲ್ಲಿ ಒಂದಕ್ಕೆ ಬಂದು ನಿಲ್ಲುತ್ತದೆ.

ಬೇಕಾಗುವ ಸಾಮಾನು

ಮಲ್ಟಿಮೀಟರ್, ಪ್ಲಗ್ ಸ್ಪ್ಯಾನರ್, ಫೀಲರ್ ಗೇಜ್ (ಸಣ್ಣ ಸಂದು ಅಳೆಯುವ ತೆಳು ಪಟ್ಟಿಗಳು), ಕಿಡಿ ಪರೀಕ್ಷಿಸುವ ಸ್ಪಾರ್ಕ್ ಟೆಸ್ಟರ್, ನೀರು ಚಿಮುಕಿಸುವ ಸ್ಪ್ರೇ ಬಾಟಲಿ, ಟಾರ್ಚು, ಒಂದು ನೋಟ್‌ಬುಕ್ಕು. ಕಾರಿಗೆ ಓಬಿಡಿ ಸಾಕೆಟ್ (ಕಾರಿನ ಕಂಪ್ಯೂಟರ್ ದಾಖಲಿಸಿದ ಕೋಡ್ ಓದುವ ಜಾಗ) ಇದ್ದರೆ ಸ್ಕ್ಯಾನರ್ ಬೇಕು. ವ್ಯಾಕ್ಯೂಮ್ ಗೇಜ್, ಪೆಟ್ರೋಲ್ ಒತ್ತಡದ ಗೇಜ್, ಕಂಪ್ರೆಷನ್ ಗೇಜ್ ಇವು ಕೊನೆಯ ಹಂತಗಳಿಗೆ. ಎರವಲು ಸಿಕ್ಕರೂ ಸಾಕು. ನಿಮ್ಮ ಕಾರಿನ ರಿಪೇರಿ ಕೈಪಿಡಿ ಖಂಡಿತ ಬೇಕು. ಇಲ್ಲಿ ಕೊಟ್ಟಿರುವ ಅಂಕಿಗಳು ಸಾಮಾನ್ಯವಾಗಿ ಕಂಡುಬರುವಂಥವು, ನಿಮ್ಮ ಇಂಜಿನ್ನಿನ ಮಟ್ಟಿಗೆ ಕೈಪಿಡಿಯ ಅಂಕಿಯೇ ಅಂತಿಮ.

ಶುರು ಮಾಡುವ ಮುನ್ನ ಕೆಲವು ಮಾತು, ದಯವಿಟ್ಟು ಹಾರಿಸಿ ಓದಬೇಡಿ. ಮುಚ್ಚಿದ ಜಾಗದಲ್ಲಿ ಇಂಜಿನ್ ಚಾಲೂ ಇಡಬೇಡಿ, ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಅದು ಕೊಲ್ಲುತ್ತದೆ. ಸಡಿಲ ತೋಳು, ದುಪಟ್ಟಾ, ಸರ, ಬಿಟ್ಟ ಕೂದಲು ಬೆಲ್ಟಿಗೂ ಫ್ಯಾನಿಗೂ ಸಿಗದಂತೆ ಕಟ್ಟಿಕೊಳ್ಳಿ. ಎಲೆಕ್ಟ್ರಿಕ್ ಫ್ಯಾನ್ ಇಂಜಿನ್ ಆಫ್ ಆದ ಮೇಲೂ ತಟ್ಟನೆ ತಿರುಗಬಹುದು. ಇಗ್ನಿಷನ್ ವಯರಿನಲ್ಲಿ ಹತ್ತಾರು ಸಾವಿರ ವೋಲ್ಟ್ ಹರಿಯುತ್ತದೆ. ಎದೆಯಲ್ಲಿ ಪೇಸ್‌ಮೇಕರ್ ಇರುವವರು ಚಾಲೂ ಇರುವ ಇಂಜಿನ್ನಿನ ಇಗ್ನಿಷನ್ ಭಾಗದ ಹತ್ತಿರ ಹೋಗಲೇಬಾರದು. ಪೆಟ್ರೋಲ್ ಲೈನ್ ಬಿಚ್ಚುವ ಕೆಲಸವಿದ್ದರೆ ಬೆಂಕಿ ಆರಿಸುವ ಸಿಲಿಂಡರ್ ಕೈಗೆ ಎಟಕುವಲ್ಲಿ ಇರಲಿ.

1. ಯಾವಾಗ ಬರುತ್ತದೆ ಎಂದು ಬರೆದಿಡಿ

ಇದು ಸಪ್ಪೆ ಕೆಲಸವೆಂದು ಎಲ್ಲರೂ ಬಿಟ್ಟುಬಿಡುತ್ತಾರೆ. ಅರ್ಧ ಉತ್ತರ ಸಿಗುವುದು ಇಲ್ಲೇ. ದೋಷ ಬಂದಾಗಲೆಲ್ಲ ಇಷ್ಟು ಬರೆಯಿರಿ: ಇಂಜಿನ್ ತಣ್ಣಗಿತ್ತೇ, ಬಿಸಿಯಾಗಿತ್ತೇ, ಐಡ್ಲಿಂಗ್‌ನಲ್ಲಿತ್ತೇ, ಒಂದೇ ವೇಗದಲ್ಲಿ ಹೋಗುತ್ತಿತ್ತೇ, ಏರು ಹತ್ತುತ್ತಿತ್ತೇ, ಮಳೆ ಅಥವಾ ಮಂಜು ಇತ್ತೇ, ಟ್ಯಾಂಕಿನಲ್ಲಿ ಎಷ್ಟು ಪೆಟ್ರೋಲ್ ಇತ್ತು, ಯಾವಾಗ ತುಂಬಿಸಿದ್ದು, ಎಸಿ, ಹೆಡ್‌ಲೈಟ್ ಹಾಕಿತ್ತೇ, ಎಷ್ಟು ಹೊತ್ತು ಇತ್ತು, ತಾನಾಗಿ ಹೋಯಿತೇ. ಆರ್‌ಪಿಎಂ ಮುಳ್ಳು ಆಗ ಏನು ಮಾಡಿತು ಎಂಬುದನ್ನೂ ಬರೆಯಿರಿ. ಪಕ್ಕದಲ್ಲಿ ಕೂತವರ ಕೈಯಲ್ಲಿ ವಿಡಿಯೊ ಮಾಡಿಸಿಕೊಂಡರೆ ಇನ್ನೂ ಒಳ್ಳೆಯದು, ಸದ್ದು ಕೂಡ ಉಳಿಯುತ್ತದೆ.

ಹೀಗೆ ಬರೆದ ಸಾಲುಗಳೇ ದಾರಿ ತೋರಿಸುತ್ತವೆ. ತೇವವಿದ್ದಾಗ ಮಾತ್ರ ಬಂದರೆ ಪ್ಲಗ್ ವಯರ್, ಡಿಸ್ಟ್ರಿಬ್ಯೂಟರ್ (ಕಿಡಿಯನ್ನು ಸರದಿಯಂತೆ ಪ್ಲಗ್‌ಗಳಿಗೆ ಹಂಚುವ ಭಾಗ) ಕ್ಯಾಪ್, ಕಾಯಿಲ್ ಇವನ್ನು ನೋಡಿ. ಐಡ್ಲಿಂಗ್‌ನಲ್ಲಿ ನಡುಗಿ ವೇಗ ಹಿಡಿದಾಗ ಸರಿಹೋದರೆ ಗಾಳಿ ಸೋರಿಕೆ, ಅಥವಾ ಮುಚ್ಚದೆ ಸಿಕ್ಕಿಕೊಂಡ ಇಜಿಆರ್ ವಾಲ್ವ್ (ಸುಟ್ಟ ಹೊಗೆಯ ಒಂದು ಪಾಲನ್ನು ಮತ್ತೆ ಇಂಜಿನ್ನಿಗೆ ಬಿಡುವ ವಾಲ್ವ್). ಏರಿನಲ್ಲಿ, ಮೇಲಿನ ಗೇರಿನಲ್ಲಿ ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ಮಾತ್ರ ಜಗ್ಗಿದರೆ ಕಿಡಿ ದುರ್ಬಲವಾಗಿದೆ ಅಥವಾ ಪೆಟ್ರೋಲ್ ಸಾಲುತ್ತಿಲ್ಲ. ಬಿಸಿಯಾದ ಮೇಲೆ ಕೆಟ್ಟು, ತಣ್ಣಗಾದ ಮೇಲೆ ಏನೂ ಆಗಿಲ್ಲವೆಂಬಂತೆ ಓಡಿದರೆ ಕಾಯಿಲ್, ಇಗ್ನಿಷನ್ ಮಾಡ್ಯೂಲ್ (ಕಾಯಿಲ್ಲನ್ನು ಆನ್ ಆಫ್ ಮಾಡುವ ಎಲೆಕ್ಟ್ರಾನಿಕ್ ಭಾಗ), ಕ್ರ್ಯಾಂಕ್ ಸೆನ್ಸರ್ (ಇಂಜಿನ್ ತಿರುಗುವುದನ್ನು ಕಂಪ್ಯೂಟರಿಗೆ ತಿಳಿಸುವುದು), ರಿಲೇ (ಕರೆಂಟಿನಿಂದ ನಡೆಯುವ ಸ್ವಿಚ್ಚು) ಇವುಗಳ ಮೇಲೆ ಅನುಮಾನ. ಬೆಳಿಗ್ಗೆ ಮೊದಲ ಸ್ಟಾರ್ಟ್‌ನಲ್ಲಿ ಒಂದೆರಡು ನಿಮಿಷ ನಡುಗಿ, ರೇಡಿಯೇಟರ್ ನೀರೂ ಸ್ವಲ್ಪ ಸ್ವಲ್ಪ ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ಟನ್ನು (ಇಂಜಿನ್ ಬ್ಲಾಕಿಗೂ ಅದರ ಮೇಲಿನ ಹೆಡ್ಡಿಗೂ ನಡುವಿನ ಸೀಲ್) ಮರೆಯಬೇಡಿ: ರಾತ್ರಿಯಿಡೀ ಒಂದು ಸಿಲಿಂಡರಿನೊಳಕ್ಕೆ ಜಿನುಗಿದ ನೀರು ಬೆಳಿಗ್ಗೆ ಪ್ಲಗ್ಗನ್ನು ಒದ್ದೆ ಮಾಡಿರುತ್ತದೆ.

2. ಬಾನೆಟ್ ಎತ್ತಿ, ಕಣ್ಣು ಕೈ ಎರಡರಿಂದಲೂ ನೋಡಿ

ಬ್ಯಾಟರಿಯಿಂದ ಶುರು ಮಾಡಿ. ಕೆಲವು ಗಂಟೆ ನಿಂತಿದ್ದ ಕಾರಿನ ಬ್ಯಾಟರಿ 12.6 ವೋಲ್ಟ್ ಆಸುಪಾಸು ತೋರಿಸಬೇಕು, ಇಂಜಿನ್ ಚಾಲೂ ಇರುವಾಗ ಸಾಮಾನ್ಯವಾಗಿ 13.8ರಿಂದ 14.5. ಟರ್ಮಿನಲ್ ಮೇಲೆ ಬಿಳಿ-ಹಸಿರು ಪುಡಿ ಕೂತಿದ್ದರೆ ಉಜ್ಜಿ ತೆಗೆಯಿರಿ.

ಆಮೇಲೆ ಅರ್ಥಿಂಗ್ ಪಟ್ಟಿ. ಇಂಜಿನ್ನಿನಿಂದ ಬಾಡಿಗೆ, ಬಾಡಿಯಿಂದ ಬ್ಯಾಟರಿಯ ನೆಗೆಟಿವ್‌ಗೆ ಹೋಗುವ ಹೆಣೆದ ತಂತಿ ಅದು. ಹಳೆಯ ಕಾರಿನಲ್ಲಿ ಅದರ ಎಳೆಗಳು ಒಂದೊಂದಾಗಿ ತುಂಡಾಗಿರುತ್ತವೆ, ಬೋಲ್ಟಿನ ಕೆಳಗೆ ತುಕ್ಕು ಹಿಡಿದಿರುತ್ತದೆ. ಪರೀಕ್ಷೆ ಸುಲಭ: ಇಂಜಿನ್ ಚಾಲೂ ಇಟ್ಟು ಲೈಟ್, ಬ್ಲೋವರ್ ಎಲ್ಲ ಹಾಕಿ, ಮೀಟರಿನ ಒಂದು ಕಡ್ಡಿ ಬ್ಯಾಟರಿ ನೆಗೆಟಿವ್‌ಗೆ, ಇನ್ನೊಂದು ಇಂಜಿನ್ ಬ್ಲಾಕಿನ ಬರಿಯ ಲೋಹಕ್ಕೆ ಹಿಡಿಯಿರಿ. 0.2 ವೋಲ್ಟಿಗಿಂತ ಹೆಚ್ಚು ಬಂದರೆ ಅರ್ಥಿಂಗ್ ಸರಿಯಿಲ್ಲ. ಸೆನ್ಸರ್‌ಗಳ ಲೆಕ್ಕವೆಲ್ಲ ಈ ಅರ್ಥಿಂಗ್ ಮೇಲೆ ನಿಂತಿರುವುದರಿಂದ ಇದೊಂದೇ ಕಾರಣಕ್ಕೆ ಹತ್ತು ಬಗೆಯ ವಿಚಿತ್ರ ಲಕ್ಷಣಗಳು ಕಾಣಿಸಿಕೊಳ್ಳಬಹುದು.

ರಬ್ಬರ್ ಪೈಪುಗಳನ್ನು ನೋಡಿದರಷ್ಟೇ ಸಾಲದು. ಬಾಗಿಸಿ, ತಿರುಗಿಸಿ, ಅಡಿಭಾಗವನ್ನು ಬೆರಳಿಂದ ಸವರಿ ನೋಡಿ. ಮೇಲಿನಿಂದ ಗಟ್ಟಿಯಾಗಿ ಕಾಣುವ ಪೈಪಿನ ಒಳಬಾಗಿನಲ್ಲಿ ಸೀಳು ಇರುತ್ತದೆ. ಇಂಜಿನ್ ತನ್ನ ಜಾಗದಲ್ಲಿ ಸ್ವಲ್ಪ ವಾಲಿದಾಗ ಅದು ಬಾಯಿ ಬಿಡುತ್ತದೆ, ನೆಟ್ಟಗಾದಾಗ ಮುಚ್ಚಿಕೊಳ್ಳುತ್ತದೆ. ಏರ್ ಫಿಲ್ಟರಿನಿಂದ ಥ್ರಾಟಲ್‌ಗೆ (ಆಕ್ಸಿಲರೇಟರ್ ಒತ್ತಿದಾಗ ಗಾಳಿಗೆ ದಾರಿ ತೆರೆಯುವ ಕದ) ಹೋಗುವ ಸುಕ್ಕು ಸುಕ್ಕಾದ ದೊಡ್ಡ ಪೈಪಿನ ಸುಕ್ಕುಗಳ ಮಧ್ಯೆ ಇಂಥ ಸೀಳು ಅಡಗಿ ಕೂತಿರುವುದು ತೀರಾ ಸಾಮಾನ್ಯ.

ಇಂಜಿನ್ ಮೌಂಟಿಂಗ್‌ಗಳನ್ನೂ ಇಲ್ಲೇ ಪರೀಕ್ಷಿಸಿ. ರಬ್ಬರ್ ಹರಿದ ಮೌಂಟಿಂಗ್ ಐಡ್ಲಿಂಗ್‌ನಲ್ಲಿ ಥೇಟ್ ಮಿಸ್ಸಿಂಗ್‌ನಂತೆಯೇ ಕಾರನ್ನು ನಡುಗಿಸುತ್ತದೆ. ಸೈಲೆನ್ಸರ್ ಬಾಯಿಯ ಬಳಿ ನಿಂತು ಕೇಳಿ: ಹೊಗೆಯ ಸದ್ದು ಒಂದೇ ಲಯದಲ್ಲಿದ್ದು ಬಾಡಿ ಮಾತ್ರ ನಡುಗುತ್ತಿದ್ದರೆ ಇಂಜಿನ್ ಸರಿಯಾಗೇ ಉರಿಯುತ್ತಿದೆ ಎಂದರ್ಥ. ಬುಸ್ ಬುಸ್ ನಡುವೆ ಒಂದು ಬಡಿತ ತಪ್ಪುತ್ತಿದ್ದರೆ ಮುಂದಕ್ಕೆ ಹೋಗಿ.

3. ಕೋಡ್ ಓದಿ, ಆದರೆ ಕೋಡ್ ಹೇಳಿದ ಭಾಗವನ್ನು ಕಣ್ಮುಚ್ಚಿ ಬದಲಾಯಿಸಬೇಡಿ

ಓಬಿಡಿ ಎಂದರೆ ಕಾರಿನ ಕಂಪ್ಯೂಟರ್ ತನ್ನ ತೊಂದರೆಗಳನ್ನು ಕೋಡ್ ರೂಪದಲ್ಲಿ ದಾಖಲಿಸುವ ವ್ಯವಸ್ಥೆ. ಅದರ ಎರಡನೆಯ ಪೀಳಿಗೆ ಅಮೆರಿಕದಲ್ಲಿ 1996ರಿಂದ ಕಡ್ಡಾಯವಾಯಿತು. ಯುರೋಪಿನಲ್ಲಿ ಅದರದೇ ರೂಪ ಪೆಟ್ರೋಲ್ ಕಾರುಗಳಿಗೆ 2001ರಿಂದ ಬಂತು. ಅದಕ್ಕೂ ಹಳೆಯ ಕಾರಾದರೆ ಕಂಪನಿಯದೇ ವಿಧಾನ ಇರಬಹುದು, ಲೈಟ್ ಮಿಟುಕಿಸಿ ಕೋಡ್ ಹೇಳುವಂಥದ್ದು. ಕಾರ್ಬುರೇಟರ್ ಕಾರಾದರೆ ಈ ಹಂತವನ್ನು ಬಿಟ್ಟುಬಿಡಿ.

ಪಿ0301 ಎಂದರೆ ಒಂದನೇ ಸಿಲಿಂಡರಿನಲ್ಲಿ ಮಿಸ್‌ಫೈರ್, ಪಿ0302 ಎರಡನೆಯದರಲ್ಲಿ, ಹೀಗೆ. ಪಿ0300 ಎಂದರೆ ಒಂದೇ ಸಿಲಿಂಡರ್ ಅಲ್ಲ, ಅಲ್ಲೊಮ್ಮೆ ಇಲ್ಲೊಮ್ಮೆ ತಪ್ಪುತ್ತಿದೆ ಎಂದು. ಒಂದೇ ಸಿಲಿಂಡರ್ ಆದರೆ ಅದರದ್ದೇ ಪ್ಲಗ್, ಕಾಯಿಲ್, ಇಂಜೆಕ್ಟರ್, ವಾಲ್ವ್‌ಗಳಲ್ಲಿ ಹುಡುಕಿ. ಎಲ್ಲ ಸಿಲಿಂಡರ್‌ಗಳಲ್ಲಿ ಆದರೆ ಎಲ್ಲಕ್ಕೂ ಸೇರಿದ್ದನ್ನು ನೋಡಿ: ಪೆಟ್ರೋಲ್ ಒತ್ತಡ, ಗಾಳಿ ಸೋರಿಕೆ, ಕ್ರ್ಯಾಂಕ್ ಸೆನ್ಸರ್, ಅರ್ಥಿಂಗ್.

ಕೋಡ್ ಜೊತೆ ‘ಫ್ರೀಜ್ ಫ್ರೇಮ್’ ಇದ್ದರೆ ಅದನ್ನು ತಪ್ಪದೆ ಬರೆದುಕೊಳ್ಳಿ. ದೋಷ ಬಂದ ಆ ಕ್ಷಣದಲ್ಲಿ ಆರ್‌ಪಿಎಂ ಎಷ್ಟಿತ್ತು, ಇಂಜಿನ್ ಎಷ್ಟು ಬಿಸಿಯಿತ್ತು, ಎಷ್ಟು ಭಾರ ಎಳೆಯುತ್ತಿತ್ತು ಎಂಬ ದಾಖಲೆ ಅದು. ಬರೆದುಕೊಳ್ಳದೆ ಕೋಡ್ ಅಳಿಸಿದರೆ ಅದೂ ಅಳಿಸಿಹೋಗುತ್ತದೆ.

ಇಲ್ಲಿ ಬಹಳ ಜನ ಬೀಳುವ ಗುಂಡಿ ಆಕ್ಸಿಜನ್ ಸೆನ್ಸರ್. ಒಂದು ಸಿಲಿಂಡರ್ ಉರಿಯದಿದ್ದರೆ ಅದರೊಳಗಿನ ಆಮ್ಲಜನಕ ಖರ್ಚಾಗದೆ ಹಾಗೆಯೇ ಸೈಲೆನ್ಸರಿಗೆ ಹೋಗುತ್ತದೆ. ಸೆನ್ಸರ್ ಅದನ್ನು ಕಂಡು “ಪೆಟ್ರೋಲ್ ಸಾಲುತ್ತಿಲ್ಲ” ಎಂದು ವರದಿ ಮಾಡುತ್ತದೆ. ಆಗ ಬರುವ ಪಿ0171, ಅಂದರೆ ಮಿಶ್ರಣ ತೆಳುವಾಗಿದೆ ಎಂಬ ಕೋಡ್, ಮಿಸ್ಸಿಂಗ್‌ನ ಪರಿಣಾಮ ಇರಬಹುದು, ಕಾರಣ ಇರಲಿಕ್ಕಿಲ್ಲ. ಸೆನ್ಸರ್ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿದೆ. ಅದನ್ನು ಬದಲಾಯಿಸಿದರೆ ದುಡ್ಡು ಹೋಗುತ್ತದೆ, ದೋಷ ಉಳಿಯುತ್ತದೆ.

ಚೆಕ್ ಇಂಜಿನ್ ಲೈಟ್ ಸುಮ್ಮನೆ ಹತ್ತಿಕೊಂಡಿರದೆ ಮಿಟುಕುತ್ತಿದ್ದರೆ ವೇಗ ತಗ್ಗಿಸಿ, ಸಾಧ್ಯವಾದಷ್ಟು ಬೇಗ ಕಾರು ನಿಲ್ಲಿಸಿ. ಉರಿಯದ ಪೆಟ್ರೋಲ್ ಕ್ಯಾಟಲಿಟಿಕ್ ಕನ್ವರ್ಟರಿನೊಳಗೆ (ಹೊಗೆ ಶುದ್ಧಿ ಮಾಡುವ ಡಬ್ಬಿ) ಹೋಗಿ ಉರಿದು ಅದನ್ನು ಕರಗಿಸುವಷ್ಟು ಕಾಯಿಸಬಲ್ಲದು.

4. ಯಾವ ಸಿಲಿಂಡರ್ ಎಂದು ಪತ್ತೆ ಮಾಡಿ

ಸ್ಕ್ಯಾನರ್ ಹೇಳದಿದ್ದರೆ ನೀವೇ ಹುಡುಕಬೇಕು. ಇಂಜೆಕ್ಷನ್ ಕಾರಿನಲ್ಲಿ ಇಂಜಿನ್ ನಡುಗುತ್ತಿರುವಾಗಲೇ ಇಂಜೆಕ್ಟರುಗಳ ಕನೆಕ್ಟರನ್ನು ಒಂದೊಂದಾಗಿ ಬಿಚ್ಚಿ ಮತ್ತೆ ಹಾಕಿ. ಸರಿಯಿರುವ ಸಿಲಿಂಡರಿನದು ಬಿಚ್ಚಿದರೆ ಆರ್‌ಪಿಎಂ ಬೀಳುತ್ತದೆ, ನಡುಕ ಹೆಚ್ಚುತ್ತದೆ. ಬಿಚ್ಚಿದರೂ ಏನೂ ವ್ಯತ್ಯಾಸವಾಗದಿದ್ದರೆ ಆ ಸಿಲಿಂಡರ್ ಮೊದಲೇ ಕೆಲಸ ಮಾಡುತ್ತಿರಲಿಲ್ಲ.

ಚಾಲೂ ಇಂಜಿನ್ನಿನ ಪ್ಲಗ್ ವಯರ್ ಕೀಳುವ ಹಳೆಯ ರೂಢಿ ಬೇಡ. ಶಾಕ್ ಹೊಡೆಯುತ್ತದೆ, ಅದು ಹೋಗಲಿ ಎಂದರೂ ದಾರಿ ಸಿಗದ ವೋಲ್ಟೇಜ್ ಕಾಯಿಲ್ಲನ್ನೂ ಇಗ್ನಿಷನ್ ಮಾಡ್ಯೂಲನ್ನೂ ಸುಡಬಹುದು. ಕಾರ್ಬುರೇಟರ್ ಕಾರಾದರೆ ಇಂಜಿನ್ ಆಫ್ ಮಾಡಿ, ಒಂದು ಪ್ಲಗ್ ವಯರ್ ತೆಗೆದು ಅದಕ್ಕೆ ಬೇರೊಂದು ಪ್ಲಗ್ ಸಿಕ್ಕಿಸಿ, ಆ ಪ್ಲಗ್ಗಿನ ಲೋಹದ ಮೈಯನ್ನು ಇಂಜಿನ್ನಿಗೆ ವಯರಿನಿಂದ ಗಟ್ಟಿಯಾಗಿ ಅರ್ಥ್ ಮಾಡಿ, ಆಮೇಲೆ ಸ್ಟಾರ್ಟ್ ಮಾಡಿ ನೋಡಿ. ಪ್ರತಿ ಸಿಲಿಂಡರಿಗೂ ಹೀಗೇ. ನಿಧಾನದ ಕೆಲಸ, ಆದರೆ ಏನೂ ಕೆಡುವುದಿಲ್ಲ.

5. ಕಿಡಿ

ಹಳೆಯ ಕಾರಿನಲ್ಲಿ ಬಂದು ಹೋಗುವ ಮಿಸ್ಸಿಂಗ್‌ಗೆ ನಾನು ಮೊದಲು ಅನುಮಾನಿಸುವುದು ಇಗ್ನಿಷನ್ ಭಾಗವನ್ನೇ. ಆದ್ದರಿಂದ ಇಲ್ಲಿ ಅವಸರ ಬೇಡ.

ತಣ್ಣಗಾದ ಇಂಜಿನ್ನಿನಿಂದ ಪ್ಲಗ್‌ಗಳನ್ನು ಬಿಚ್ಚಿ, ಯಾವ ಸಿಲಿಂಡರಿನದು ಯಾವುದೆಂದು ಗುರುತು ಹಾಕಿ ಸಾಲಾಗಿ ಜೋಡಿಸಿ. ಬಿಚ್ಚುವ ಮುನ್ನ ಗುಳಿಯಲ್ಲಿನ ಧೂಳನ್ನು ಊದಿ ತೆಗೆಯಿರಿ, ಇಲ್ಲದಿದ್ದರೆ ಅದು ಸಿಲಿಂಡರಿಗೆ ಬೀಳುತ್ತದೆ. ತುದಿ ತಿಳಿಕಂದು ಅಥವಾ ಬೂದು ಬಣ್ಣದಲ್ಲಿದ್ದರೆ ಆರೋಗ್ಯ. ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಹೆಚ್ಚಾಗುತ್ತಿದೆ. ಜಿಡ್ಡು ಜಿಡ್ಡಾದ ಕಪ್ಪಾದರೆ ಆಯಿಲ್ ನುಗ್ಗುತ್ತಿದೆ. ಸುಣ್ಣದ ಬಿಳಿಯಾಗಿ ಗುಳ್ಳೆ ಎದ್ದಿದ್ದರೆ ವಿಪರೀತ ಕಾವು, ಮಿಶ್ರಣ ತೆಳುವಾಗಿರಬಹುದು. ನಾಲ್ಕರಲ್ಲಿ ಒಂದು ಮಾತ್ರ ಬೇರೆ ಬಣ್ಣವಿದ್ದರೆ ನಿಮ್ಮ ಕೆಲಸ ಆ ಸಿಲಿಂಡರಿನಲ್ಲಿದೆ. ಗ್ಯಾಪ್ ಅಳೆಯಿರಿ; ಇಂಜಿನ್ನಿಗೆ ತಕ್ಕಂತೆ ಸುಮಾರು 0.7ರಿಂದ 1.1 ಮಿ.ಮೀ. ಇರುತ್ತದೆ. ಸವೆದು ಗ್ಯಾಪ್ ಹೆಚ್ಚಿದಷ್ಟೂ ಕಿಡಿ ಹಾರಿಸಲು ಹೆಚ್ಚು ವೋಲ್ಟೇಜ್ ಬೇಕು.

ಪ್ಲಗ್ಗಿನ ಬಿಳಿ ಪಿಂಗಾಣಿಯನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿ. ಪೆನ್ಸಿಲ್ಲಿನಲ್ಲಿ ಎಳೆದಂಥ ತೆಳು ಕಪ್ಪು ಗೆರೆ ಮೇಲಿಂದ ಕೆಳಕ್ಕೆ ಇಳಿದಿದ್ದರೆ ಅದು ಕೊಳೆಯಲ್ಲ, ಕಿಡಿ ತುದಿಗೆ ಹೋಗದೆ ಹೊರಮೈ ಮೇಲೆ ಹರಿದು ಹೋದ ದಾರಿ. ಡಿಸ್ಟ್ರಿಬ್ಯೂಟರ್ ಕ್ಯಾಪಿನ ಒಳಗೂ ಇಂಥದೇ ಗೆರೆ ಎರಡು ಕಂಬಗಳ ನಡುವೆ ಓಡಿರುತ್ತದೆ. ಒಣಗಿದ್ದಾಗ ಅದು ಸುಮ್ಮನಿರುತ್ತದೆ. ತೇವ ತಗುಲಿದರೆ ಕರೆಂಟು ಆ ಗೆರೆಯನ್ನೇ ಹಿಡಿಯುತ್ತದೆ. ಒರೆಸಿದರೆ ಗೆರೆ ಹೋಗುವುದಿಲ್ಲ, ಕ್ಯಾಪ್ ಬದಲಾಯಿಸಲೇಬೇಕು. ಪ್ಲಗ್ ಮೇಲೆ ಗೆರೆ ಕಂಡರೆ ಅದರ ರಬ್ಬರ್ ಬೂಟನ್ನೂ ಬದಲಾಯಿಸಿ, ಏಕೆಂದರೆ ಅದರ ಒಳಮೈಯಲ್ಲೂ ಅದೇ ದಾರಿ ಮೂಡಿರುತ್ತದೆ. ಬೂಟ್ ಹಳೆಯದೇ ಉಳಿದರೆ ಹೊಸ ಪ್ಲಗ್ ಹಾಕಿದರೂ ಕೆಲವೇ ದಿನಗಳಲ್ಲಿ ದೋಷ ಮರಳುತ್ತದೆ.

ತೇವದ ದೋಷವನ್ನು ಬೇಕೆಂದೇ ಬರಿಸುವುದು ಹೀಗೆ: ಕತ್ತಲಾದ ಮೇಲೆ, ಬಯಲಿನಲ್ಲಿ, ಇಂಜಿನ್ ಚಾಲೂ ಇಟ್ಟು ಪ್ಲಗ್ ವಯರ್, ಕ್ಯಾಪ್, ಕಾಯಿಲ್ ಮೇಲೆ ಮಂಜಿನಂತೆ ತೆಳುವಾಗಿ ನೀರು ಚಿಮುಕಿಸಿ. ಸುರಿಯಬೇಡಿ, ಮುಟ್ಟಬೇಡಿ. ನೀಲಿ ಮಿಂಚು ಕಂಡರೆ, ಟಿಕ್ ಟಿಕ್ ಸದ್ದು ಕೇಳಿದರೆ, ಇಂಜಿನ್ ಒಮ್ಮೆಲೇ ಮುಗ್ಗರಿಸಿದರೆ ಜಾಗ ಸಿಕ್ಕಿತು.

ಪ್ಲಗ್ ವಯರಿನ ರೆಸಿಸ್ಟೆನ್ಸನ್ನು ಮೀಟರಿನಲ್ಲಿ ಅಳೆಯುವಾಗ ವಯರನ್ನು ನಿಧಾನವಾಗಿ ಬಾಗಿಸುತ್ತಾ ನೋಡಿ. ಅಂಕಿ ಕುಣಿದರೆ ಒಳಗೆ ತುಂಡಾಗಿದೆ. ನಾಲ್ಕು ವಯರುಗಳನ್ನು ಒಂದಕ್ಕೊಂದು ಹೋಲಿಸಿ. ಉದ್ದ ಹೆಚ್ಚಿದ್ದರೆ ಸ್ವಲ್ಪ ಹೆಚ್ಚು ಬರುವುದು ಸಹಜ, ಹಲವು ಪಟ್ಟು ಹೆಚ್ಚು ಬಂದರೆ ಅಲ್ಲ.

ಸಿ.ಬಿ. ಪಾಯಿಂಟ್ (ಡಿಸ್ಟ್ರಿಬ್ಯೂಟರಿನೊಳಗೆ ಕಾಯಿಲ್ಲಿನ ಕರೆಂಟು ಕಡಿದು ಕಿಡಿ ಹುಟ್ಟಿಸುವ ಸ್ವಿಚ್ಚು) ಇರುವ ಕಾರಾದರೆ ಅದರ ಗ್ಯಾಪ್ (ಸಾಮಾನ್ಯವಾಗಿ 0.4 ಮಿ.ಮೀ. ಆಸುಪಾಸು), ಕಂಡೆನ್ಸರ್, ಡಿಸ್ಟ್ರಿಬ್ಯೂಟರ್ ಶಾಫ್ಟಿನ ಅಲುಗಾಟ ನೋಡಿ. ಶಾಫ್ಟನ್ನು ಅತ್ತಿತ್ತ ತಳ್ಳಿದಾಗ ಪಾಯಿಂಟ್ ಗ್ಯಾಪ್ ಬದಲಾಗುತ್ತಿದ್ದರೆ ಬುಷ್ ಸವೆದಿದೆ. ಆಗ ಪಾಯಿಂಟನ್ನು ಎಷ್ಟು ಸಲ ಸೆಟ್ ಮಾಡಿದರೂ ನಿಲ್ಲುವುದಿಲ್ಲ. ಇನ್ನೊಂದು ಜಾಗ ಬಹಳ ಜನರ ಕಣ್ಣು ತಪ್ಪಿಸುತ್ತದೆ. ಪಾಯಿಂಟಿಗೆ ಬರುವ ಸಣ್ಣ ವಯರ್ ವ್ಯಾಕ್ಯೂಮ್ ಅಡ್ವಾನ್ಸ್ ತಟ್ಟೆಯ ಜೊತೆ (ಇಂಜಿನ್ ಎಳೆಯುವ ಭಾರಕ್ಕೆ ತಕ್ಕಂತೆ ಕಿಡಿಯ ಹೊತ್ತನ್ನು ಹಿಂದೆ ಮುಂದೆ ಮಾಡುವ ತಟ್ಟೆ) ದಿನಕ್ಕೆ ಸಾವಿರಾರು ಸಲ ಅಲುಗುತ್ತದೆ. ವರ್ಷಗಳ ಮೇಲೆ ಹೊರಗಿನ ಪ್ಲಾಸ್ಟಿಕ್ ಚೆನ್ನಾಗಿದ್ದೇ ಒಳಗಿನ ತಾಮ್ರ ತುಂಡಾಗುತ್ತದೆ. ತಟ್ಟೆ ಒಂದು ಕೋನದಲ್ಲಿದ್ದಾಗ ತುದಿಗಳು ತಾಗುತ್ತವೆ, ಇನ್ನೊಂದರಲ್ಲಿ ಬಿಡುತ್ತವೆ. ಅದನ್ನು ಮೆಲ್ಲಗೆ ಎಳೆದು ನೋಡಿ. ರಬ್ಬರಿನಂತೆ ಹಿಗ್ಗಿದರೆ ಒಳಗೆ ತಾಮ್ರವಿಲ್ಲ.

ಪ್ರತಿ ಪ್ಲಗ್ಗಿಗೂ ಕಾಯಿಲ್ ಇರುವ ಕಾರಿನಲ್ಲಿ ಪರೀಕ್ಷೆ ತುಂಬ ಸರಳ. ಎರಡನೆಯದರ ಮೇಲೆ ಅನುಮಾನವಿದ್ದರೆ ಆ ಕಾಯಿಲ್ಲನ್ನು ಮೂರನೆಯದಕ್ಕೆ ಹಾಕಿ, ಮೂರನೆಯದರದ್ದನ್ನು ಎರಡನೆಯದಕ್ಕೆ. ಮಿಸ್ಸಿಂಗ್ ಮೂರಕ್ಕೆ ಹೋದರೆ ಕಾಯಿಲ್ ಕೆಟ್ಟಿದೆ, ಎರಡರಲ್ಲೇ ಉಳಿದರೆ ಕಾಯಿಲ್ ನಿರ್ದೋಷಿ. ಕಾಯಿಲ್ ಜೊತೆ ಪ್ಲಗ್ಗನ್ನೂ ಒಟ್ಟಿಗೆ ಅದಲುಬದಲು ಮಾಡಬೇಡಿ, ಯಾವುದರಿಂದ ಹೋಯಿತೆಂದು ತಿಳಿಯುವುದಿಲ್ಲ. ಒಂದು ಸಲಕ್ಕೆ ಒಂದೇ ಬದಲಾವಣೆ.

ಕೊನೆಯ ಎಚ್ಚರಿಕೆ: ಹೊರಗೆ ಹಿಡಿದ ಪ್ಲಗ್ಗಿನಲ್ಲಿ ಕಿಡಿ ಕಂಡಿತೆಂದು ಇಗ್ನಿಷನ್ ಸರಿಯಿದೆ ಎನ್ನಬೇಡಿ. ಸಿಲಿಂಡರಿನೊಳಗೆ ಒತ್ತಿದ ಗಾಳಿಯಲ್ಲಿ ಅದೇ ಗ್ಯಾಪ್ ದಾಟಲು ಬಹಳ ಹೆಚ್ಚು ವೋಲ್ಟೇಜ್ ಬೇಕು. ದುರ್ಬಲ ಕಾಯಿಲ್ ಐಡ್ಲಿಂಗ್‌ನಲ್ಲಿ ನಿಭಾಯಿಸಿ ಏರಿನಲ್ಲಿ ಕೈಕೊಡುವುದು ಇದಕ್ಕೇ. ಗ್ಯಾಪ್ ದೊಡ್ಡದು ಮಾಡಬಹುದಾದ ಸ್ಪಾರ್ಕ್ ಟೆಸ್ಟರ್ ಬಳಸಿ.

6. ಕದ್ದು ನುಗ್ಗುವ ಗಾಳಿ

ಥ್ರಾಟಲ್ ದಾಟಿದ ಮೇಲೆ ಎಲ್ಲಿಂದಾದರೂ ಗಾಳಿ ಒಳಗೆ ನುಗ್ಗಿದರೆ ಅದು ಲೆಕ್ಕಕ್ಕೆ ಸಿಗದ ಗಾಳಿ. ಇದನ್ನೇ ವ್ಯಾಕ್ಯೂಮ್ ಲೀಕ್ ಎನ್ನುವುದು. ಐಡ್ಲಿಂಗ್‌ನಲ್ಲಿ ಒಟ್ಟು ಗಾಳಿಯೇ ಕಡಿಮೆ, ಆದ್ದರಿಂದ ಸಣ್ಣ ತೂತೂ ದೊಡ್ಡ ಪಾಲಾಗುತ್ತದೆ. ವೇಗದಲ್ಲಿ ಅದು ಮುಳುಗಿಹೋಗುತ್ತದೆ.

ಸ್ಕ್ಯಾನರ್ ಇದ್ದರೆ ‘ಫ್ಯೂಯಲ್ ಟ್ರಿಮ್’ ನೋಡಿ. ಕಂಪ್ಯೂಟರ್ ಲೆಕ್ಕ ಹಾಕಿದ್ದಕ್ಕಿಂತ ಶೇಕಡಾ ಎಷ್ಟು ಹೆಚ್ಚು ಅಥವಾ ಕಡಿಮೆ ಪೆಟ್ರೋಲ್ ಬಿಡುತ್ತಿದೆ ಎಂಬ ತಿದ್ದುಪಡಿ ಅದು. ಶೇಕಡಾ 10ರ ಒಳಗೆ ಆಚೀಚೆ ಆದರೆ ಚಿಂತೆಯಿಲ್ಲ. ಐಡ್ಲಿಂಗ್‌ನಲ್ಲಿ ಅದಕ್ಕಿಂತ ತುಂಬ ಹೆಚ್ಚಿದ್ದು 2500 ಆರ್‌ಪಿಎಂನಲ್ಲಿ ಮಾಮೂಲಿಗೆ ಇಳಿದರೆ ಗಾಳಿ ಸೋರಿಕೆ. ತದ್ವಿರುದ್ಧವಾಗಿ, ಭಾರ ಹೆಚ್ಚಿದಂತೆ ಟ್ರಿಮ್ಮೂ ಏರುತ್ತಾ ಹೋದರೆ ಪೆಟ್ರೋಲ್ ಪೂರೈಕೆ ಸಾಲುತ್ತಿಲ್ಲ, ಇಲ್ಲವೆ ಗಾಳಿ ಅಳೆಯುವ ಸೆನ್ಸರ್ ಕೊಳೆಯಾಗಿದೆ.

ತೂತು ಹುಡುಕಲು ಕಾರ್ಬ್ ಕ್ಲೀನರ್ ಚಿಮುಕಿಸುವ ರೂಢಿಯಿದೆ. ಬಿಸಿ ಇಂಜಿನ್ ಮೇಲೆ, ಸೋರುವ ಪ್ಲಗ್ ವಯರ್ ಪಕ್ಕದಲ್ಲಿ ಅದು ಬೆಂಕಿಗೆ ಆಹ್ವಾನ. ಇನ್‌ಟೇಕ್ ಮ್ಯಾನಿಫೋಲ್ಡಿನ (ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಕವಲು ಪೈಪು) ಗ್ಯಾಸ್ಕೆಟ್ ಅಂಚುಗಳಿಗೆ, ಪೈಪಿನ ಸಂದುಗಳಿಗೆ ಸ್ವಲ್ಪ ನೀರನ್ನೇ ಚಿಮುಕಿಸಿ. ತೂತಿದ್ದಲ್ಲಿ ನೀರು ಒಳಗೆ ಎಳೆದುಕೊಂಡು ಇಂಜಿನ್ ಸದ್ದು ಬದಲಾಗುತ್ತದೆ. ಬ್ರೇಕ್ ಬೂಸ್ಟರಿಗೆ (ಬ್ರೇಕ್ ಒತ್ತಲು ಬಲ ಕೂಡಿಸುವ ಡಬ್ಬಿ) ಹೋಗುವ ದಪ್ಪ ಪೈಪನ್ನು ಅಮುಕಿ ಹಿಡಿದಾಗ ಐಡ್ಲಿಂಗ್ ಸರಿಹೋದರೆ ಸೋರಿಕೆ ಬೂಸ್ಟರಿನ ಕಡೆಗಿದೆ. ಇದು ಬ್ರೇಕಿನ ವಿಷಯ, ಮುಂದೂಡಬೇಡಿ.

ಇಂಜಿನ್ ಚಾಲೂ ಮಾಡಿದ ಕೂಡಲೇ ಪರೀಕ್ಷಿಸಿ. ಎಷ್ಟೋ ಗ್ಯಾಸ್ಕೆಟ್‌ಗಳು ತಣ್ಣಗಿದ್ದಾಗ ಸೋರಿ, ಲೋಹ ಕಾದು ಹಿಗ್ಗಿದ ಮೇಲೆ ತಾವೇ ಮುಚ್ಚಿಕೊಳ್ಳುತ್ತವೆ.

7. ಪೆಟ್ರೋಲ್

ಎಲ್ಲಕ್ಕಿಂತ ಸುಲಭದ ಪರೀಕ್ಷೆ ಮೊದಲು. ಸ್ವಲ್ಪ ದೂರ ಓಡಿದ ಮೇಲೆ ಜಗ್ಗಲು ಶುರುವಾದರೆ ನಿಲ್ಲಿಸಿ ಟ್ಯಾಂಕಿನ ಮುಚ್ಚಳ ತೆಗೆಯಿರಿ. ಸುಂಯ್ ಎಂದು ಗಾಳಿ ಒಳಗೆ ಎಳೆದುಕೊಂಡು, ಆಮೇಲೆ ಕಾರು ಸರಿಯಾಗಿ ಓಡಿದರೆ ಟ್ಯಾಂಕಿಗೆ ಗಾಳಿ ಹೋಗುವ ದಾರಿ ಕಟ್ಟಿದೆ.

ಇಂಜೆಕ್ಷನ್ ಕಾರಿನಲ್ಲಿ ಒತ್ತಡ ಅಳೆಯಿರಿ. ಹಳೆಯ ಮಲ್ಟಿ ಪಾಯಿಂಟ್ ವ್ಯವಸ್ಥೆಗಳಲ್ಲಿ ಸಾಮಾನ್ಯವಾಗಿ 2.5ರಿಂದ 3.5 ಬಾರ್. ನಿಂತಲ್ಲಿ ಸರಿಯಿದ್ದರೆ ಸಾಲದು, ದೋಷ ಬರುವ ಹೊತ್ತಿನಲ್ಲಿ ಒತ್ತಡ ಬೀಳುತ್ತದೆಯೇ ಎಂದು ತಿಳಿಯಬೇಕು. ಒತ್ತಡ ಬಿದ್ದರೆ ಪಂಪಿನ ಮೇಲೆ ತೀರ್ಪು ಕೊಡುವ ಮುನ್ನ ಫಿಲ್ಟರ್ ನೋಡಿ, ಪಂಪಿಗೆ ಪೂರ್ತಿ ವೋಲ್ಟೇಜ್ ಬರುತ್ತಿದೆಯೇ ಅಳೆಯಿರಿ, ರಿಲೇ ನೋಡಿ. ಹಳೆಯ ರಿಲೇಯೊಳಗಿನ ಬೆಸುಗೆ ಬಿರುಕು ಬಿಟ್ಟಿದ್ದರೆ ಕಾವಿಗೆ ಬಿಟ್ಟುಕೊಂಡು ತಣ್ಣಗಾದಾಗ ಕೂಡಿಕೊಳ್ಳುತ್ತದೆ. ರೆಗ್ಯುಲೇಟರಿಗೆ (ಪೆಟ್ರೋಲ್ ಒತ್ತಡವನ್ನು ಹದದಲ್ಲಿಡುವ ಭಾಗ) ಬರುವ ವ್ಯಾಕ್ಯೂಮ್ ಪೈಪ್ ಕಿತ್ತು ಮೂಸಿ. ಅದರಲ್ಲಿ ಪೆಟ್ರೋಲ್ ಹಸಿ ಕಂಡರೆ ಒಳಗಿನ ಪೊರೆ ಹರಿದಿದೆ.

ಕಾರ್ಬುರೇಟರಿನಲ್ಲಿ ಬಂದು ಹೋಗುವ ದೋಷಕ್ಕೆ ಸಾಮಾನ್ಯ ಕಾರಣ ಫ್ಲೋಟ್ ಬೌಲಿನ (ಪೆಟ್ರೋಲ್ ನಿಲ್ಲುವ ಬಟ್ಟಲು) ತಳದ ಕಸ. ಒಂದು ಕಣ ಜೆಟ್ಟಿಗೆ (ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ಭಾಗ) ಬಂದು ಕೂರುತ್ತದೆ, ಇಂಜಿನ್ ನಿಂತಾಗ ಕೆಳಗೆ ಬೀಳುತ್ತದೆ. ಜೆಟ್ಟನ್ನು ತಂತಿಯಿಂದ ಚುಚ್ಚಬೇಡಿ, ತೂತಿನ ಅಳತೆ ಕೆಡುತ್ತದೆ, ಗಾಳಿ ಊದಿ. ಬಿಸಿ ಇಂಜಿನ್ ಆಫ್ ಮಾಡಿ ಸ್ವಲ್ಪ ಹೊತ್ತು ನಿಲ್ಲಿಸಿ ಮತ್ತೆ ಸ್ಟಾರ್ಟ್ ಮಾಡಿದಾಗ ಮಾತ್ರ ತೊಂದರೆಯಾದರೆ ಪೈಪಿನಲ್ಲೇ ಪೆಟ್ರೋಲ್ ಆವಿಯಾಗುತ್ತಿರಬಹುದು. ಪೈಪ್ ಎಕ್ಸಾಸ್ಟಿಗೆ ತೀರ ಹತ್ತಿರ ಹೋಗಿದೆಯೇ, ಶಾಖ ತಡೆಯುವ ತಗಡು ಕಳಚಿಹೋಗಿದೆಯೇ ನೋಡಿ.

ಎಥೆನಾಲ್ ಬೆರೆತ ಪೆಟ್ರೋಲ್ ಬರುವ ಮುಂಚಿನ ಕಾರುಗಳ ರಬ್ಬರ್ ಪೈಪುಗಳು ಅದರಲ್ಲಿ ಒಳಗಿಂದೊಳಗೆ ಕರಗಿ ಉದುರಬಹುದು. ಫಿಲ್ಟರಿನಲ್ಲಿ ಕಪ್ಪು ಚೂರುಗಳು ಕಂಡರೆ ಪೈಪುಗಳನ್ನೆಲ್ಲ ಬದಲಾಯಿಸಿ.

8. ಬಿಸಿಯಾದಾಗ ಮಾತ್ರ ಬರುವ ದೋಷ

ಓಡುತ್ತಿರುವಾಗ ಇಂಜಿನ್ ಮುಗ್ಗರಿಸಿದ ಆ ಕ್ಷಣ ಆರ್‌ಪಿಎಂ ಮುಳ್ಳು ತಟ್ಟನೆ ಸೊನ್ನೆಗೆ ಬಿದ್ದು ಮತ್ತೆ ಎದ್ದರೆ ಕ್ರ್ಯಾಂಕ್ ಸೆನ್ಸರ್ ಅಥವಾ ಇಗ್ನಿಷನ್ನಿನ ಕಡೆ ಬೆರಳು ತೋರಿಸುತ್ತದೆ. ಇಂಜಿನ್ ತಿರುಗುತ್ತಲೇ ಇದೆ, ಆದರೆ ಆ ಸುದ್ದಿ ಬರುತ್ತಿಲ್ಲ. ಪೆಟ್ರೋಲ್ ಕೊರತೆಯಾದರೆ ಮುಳ್ಳು ಇಂಜಿನ್ನಿನ ಜೊತೆಯಲ್ಲೇ ಮೆಲ್ಲಗೆ ಇಳಿಯುತ್ತದೆ. ಮೊದಲ ಹಂತದಲ್ಲಿ ಮುಳ್ಳನ್ನು ಗಮನಿಸಿ ಎಂದದ್ದು ಇದಕ್ಕೆ.

ಅನುಮಾನದ ಭಾಗವನ್ನು ಕೂದಲು ಒಣಗಿಸುವ ಡ್ರೈಯರಿನಿಂದ ಬಿಸಿ ಮಾಡಿ ದೋಷ ಬರಿಸಬಹುದು. ಒಂದು ಸಲಕ್ಕೆ ಒಂದೇ ಭಾಗ. ಹಾಗೆಯೇ ಐಡ್ಲಿಂಗ್‌ನಲ್ಲಿ ಒಂದೊಂದೇ ಕನೆಕ್ಟರ್ ಮತ್ತು ವಯರ್ ಗೊಂಚಲನ್ನು ಮೆಲ್ಲಗೆ ಅಲುಗಾಡಿಸಿ. ಇಂಜಿನ್ ತಡವರಿಸಿದಲ್ಲಿ ಬಿಚ್ಚಿ ನೋಡಿದರೆ ಹಸಿರು ಕಿಲುಬು ಹಿಡಿದ ಪಿನ್ನೋ ಸಡಿಲ ಸಾಕೆಟ್ಟೋ ಸಿಗುತ್ತದೆ.

ಥ್ರಾಟಲ್ ಪೊಸಿಷನ್ ಸೆನ್ಸರ್ (ಆಕ್ಸಿಲರೇಟರ್ ಎಷ್ಟು ತೆರೆದಿದೆ ಎಂದು ಹೇಳುವುದು) ನಾವು ಹೆಚ್ಚು ಹೊತ್ತು ಪಾದ ಇಡುವ ಸ್ಥಾನದಲ್ಲೇ ಸವೆಯುತ್ತದೆ. ಇಗ್ನಿಷನ್ ಆನ್ ಮಾಡಿ, ಇಂಜಿನ್ ಆಫ್ ಇಟ್ಟು ಥ್ರಾಟಲನ್ನು ನಿಧಾನವಾಗಿ ತೆರೆಯುತ್ತಾ ವೋಲ್ಟೇಜ್ ನೋಡಿ. ಸುಮಾರು ಅರ್ಧ ವೋಲ್ಟಿನಿಂದ ನಾಲ್ಕೂವರೆಯವರೆಗೆ ಎಲ್ಲೂ ಹಾರದೆ ಏರಬೇಕು. ಮುಳ್ಳಿನ ಮೀಟರ್ ಇದ್ದರೆ ಕ್ಷಣಕಾಲದ ಹಾರಾಟವೂ ಚೆನ್ನಾಗಿ ಕಾಣುತ್ತದೆ.

9. ಕಂಪ್ರೆಷನ್

ಮೇಲಿನ ಯಾವುದರಲ್ಲೂ ಸಿಗದಿದ್ದರೆ, ಅಥವಾ ಒಂದೇ ಸಿಲಿಂಡರ್ ಹಠ ಹಿಡಿದಿದ್ದರೆ ಇದಕ್ಕೆ ಬನ್ನಿ. ಇಂಜಿನ್ ಬಿಸಿಯಿರಲಿ, ಪ್ಲಗ್‌ಗಳೆಲ್ಲ ಹೊರಗಿರಲಿ, ಇಗ್ನಿಷನ್ ಮತ್ತು ಪೆಟ್ರೋಲ್ ಪೂರೈಕೆ ಕಡಿತವಾಗಿರಲಿ, ಆಕ್ಸಿಲರೇಟರ್ ಪೂರ್ತಿ ಒತ್ತಿರಲಿ. ಪ್ರತಿ ಸಿಲಿಂಡರಿಗೂ ಸ್ಟಾರ್ಟರನ್ನು ಅಷ್ಟೇ ಹೊತ್ತು ತಿರುಗಿಸಿ. ಒಟ್ಟು ಅಂಕಿಗಿಂತ ಸಿಲಿಂಡರ್‌ಗಳ ನಡುವಿನ ಅಂತರ ಮುಖ್ಯ. ಶೇಕಡಾ 15ಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ತೊಂದರೆ ಇದೆ.

ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಇಂಜಿನ್ ಆಯಿಲ್ ಹಾಕಿ ಮತ್ತೆ ಅಳೆಯಿರಿ. ಏರಿದರೆ ಪಿಸ್ಟನ್ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್. ಅಕ್ಕಪಕ್ಕದ ಎರಡು ಸಿಲಿಂಡರ್‌ಗಳು ಒಟ್ಟಿಗೆ ಬಿದ್ದಿದ್ದರೆ ಅವುಗಳ ನಡುವೆ ಹೆಡ್ ಗ್ಯಾಸ್ಕೆಟ್ ಹೋಗಿರುವ ಸಾಧ್ಯತೆ ಹೆಚ್ಚು. ಟ್ಯಾಪೆಟ್ ಅಂತರ (ವಾಲ್ವಿಗೂ ಅದನ್ನು ಒತ್ತುವ ಭಾಗಕ್ಕೂ ನಡುವಿನ ಸಂದು) ತೀರ ಬಿಗಿಯಾಗಿದ್ದರೆ ಬಿಸಿಯಾದಾಗ ವಾಲ್ವ್ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ. ಅದು ಸೆಟ್ ಮಾಡಿದರೆ ಸರಿಹೋಗುವ ಕೆಲಸ, ಬಿಟ್ಟರೆ ವಾಲ್ವ್ ಸುಡುತ್ತದೆ. ಹೆಡ್ ಬಿಚ್ಚಿಸಲು ಒಪ್ಪುವ ಮುನ್ನ ಟ್ಯಾಪೆಟ್ ಅಳತೆ ನೋಡಿಸಿ.

10. ಸರಿಹೋಯಿತೆಂದು ಖಚಿತಪಡಿಸಿಕೊಳ್ಳುವುದು

ಒಂದು ರಸ್ತೆ ಸುತ್ತಿ ಬಂದು “ಸರಿಯಾಯಿತು” ಎನ್ನಬೇಡಿ. ಬಂದು ಹೋಗುವ ದೋಷ ರಿಪೇರಿಯಿಲ್ಲದೆಯೂ ಒಂದು ವಾರ ಸುಮ್ಮನಿರಬಲ್ಲದು. ನೋಟ್‌ಬುಕ್ಕಿನಲ್ಲಿ ಬರೆದಿದ್ದ ಅದೇ ಪರಿಸ್ಥಿತಿಯನ್ನು ತಂದುಕೊಂಡು ಹಲವು ಸಲ ಓಡಿಸಿ: ತೇವದ್ದಾದರೆ ಮತ್ತೆ ನೀರು ಚಿಮುಕಿಸಿ, ಏರಿನದ್ದಾದರೆ ಅದೇ ಏರನ್ನು ಅದೇ ಗೇರಿನಲ್ಲಿ ಹತ್ತಿಸಿ. ಕೋಡ್ ಅಳಿಸಿದ್ದರೆ ಕೆಲವು ದಿನದ ಮೇಲೆ ಮತ್ತೆ ಓದಿ, ಲೈಟ್ ಹತ್ತದೆಯೂ ಕಾಯುತ್ತಿರುವ ‘ಪೆಂಡಿಂಗ್’ ಕೋಡ್ ಇದೆಯೇ ನೋಡಿ.

ಸಾಧ್ಯವಾದರೆ ತೆಗೆದ ಹಳೆಯ ಭಾಗವನ್ನೇ ಮತ್ತೆ ಹಾಕಿ ದೋಷ ಮರಳುತ್ತದೆಯೇ ಪರೀಕ್ಷಿಸಿ. ಮರಳಿದರೆ ಅನುಮಾನಕ್ಕೆ ಜಾಗವಿಲ್ಲ. ಮರಳದಿದ್ದರೆ ಭಾಗ ಸರಿಯೇ ಇತ್ತು, ನೀವು ಅದನ್ನು ಬಿಚ್ಚಿ ಹಾಕುವಾಗ ಯಾವುದೋ ಕನೆಕ್ಟರ್ ಗಟ್ಟಿಯಾಗಿ ಕೂತದ್ದೇ ರಿಪೇರಿ ಆಗಿರಬಹುದು. ಆ ಕನೆಕ್ಟರನ್ನೇ ಬಿಚ್ಚಿ ಪಿನ್ನುಗಳನ್ನು ನೋಡಿ.

ಗ್ಯಾರೇಜಿಗೆ ಕೊಡುವುದಾದರೆ ನೋಟ್‌ಬುಕ್ಕು, ವಿಡಿಯೊ, ಈವರೆಗೆ ಅಳೆದ ಅಂಕಿಗಳು ಎಲ್ಲವನ್ನೂ ಕೊಡಿ, ಯಾವ ಭಾಗಗಳು ಈಗಾಗಲೇ ಹೊಸದಾಗಿವೆ ಎಂದೂ ಹೇಳಿ. ಬಿಸಿಯ ದೋಷವಾದರೆ ಮೆಕ್ಯಾನಿಕ್ಕನ್ನು ಪಕ್ಕದಲ್ಲಿ ಕೂರಿಸಿಕೊಂಡು ಅದು ಬರುವವರೆಗೆ ಓಡಿಸಿ. ಬೆಳಗಿನ ಮೊದಲ ಸ್ಟಾರ್ಟಿನ ದೋಷವಾದರೆ ಕಾರನ್ನು ಹಿಂದಿನ ಸಂಜೆಯೇ ಬಿಟ್ಟುಬನ್ನಿ, ನೀವು ಬರುವವರೆಗೆ ಯಾರೂ ಸ್ಟಾರ್ಟ್ ಮಾಡಬೇಡಿ ಎಂದು ಹೇಳಿ ಬನ್ನಿ.